‘ನೀ ಹೀಂಗ ನೋಡಬ್ಯಾಡ ನನ್ನ’ ಪ್ರೇಮಗೀತೆಯೇ? ಅಳದ ತಾಯಿಯನ್ನು ಅಳಿಸಲೇಬೇಕೇ?
ಅಕ್ಕಲಕೋಟದಿಂದ ಎರಡು ಪ್ರಶ್ನೆ ಕೇಳಿದ್ದೀರಿ. ಬೇಂದ್ರೆಯವರ ಈ ಹಾಡನ್ನು ಪ್ರೇಮಗೀತೆ ಎಂದು ಪರಿಚಯಿಸಿದ್ದು ಸರಿಯೇ? ನಿಮ್ಮ ಓಣಿಯಲ್ಲಿ ಕೂಸು ತೀರಿಕೊಂಡಿದೆ, ತಾಯಿ ಅಳುತ್ತಿಲ್ಲ. ಹಾಡಿನಲ್ಲಿರುವಂತೆ ಅವಳನ್ನು ಅಳಿಸಬೇಕೇ?

ಪರಿಚಯ ತಪ್ಪು. ಗಂಡ ಹೆಂಡತಿಗೆ ಆಡುವ ಮಾತು ನಿಜ, ಆದರೆ ಇಬ್ಬರ ನಡುವೆ ಕೂಸು ಮಲಗಿದೆ. ಎಡವಟ್ಟಾಗುವುದು ತುಟಿಯನ್ನು ಬಣ್ಣಿಸುವ ಚರಣದಲ್ಲಿ. ತಾಂಬೂಲ ಹಾಕದೆಯೂ ಗಿಣಿ ಕಚ್ಚಿದ ಹಣ್ಣಿನಂತೆ ಕೆಂಪಗಿದ್ದ ತುಟಿ ಎಂದೊಡನೆ ಶೃಂಗಾರ ಅಂದುಕೊಳ್ಳುತ್ತಾರೆ. ಆ ಬಣ್ಣ ಎಲ್ಲಿ ಹೋಯಿತು ಎಂದು ಅವನು ಕೇಳುತ್ತಿದ್ದಾನೆ, ಅದು ಕಿವಿಗೆ ಬೀಳುವುದಿಲ್ಲ. (ಕವಿತೆ 1938ರ ‘ನಾದಲೀಲೆ’ ಸಂಕಲನದಲ್ಲಿದೆ.)

ಕೂಸಿನ ಮಾತು ಬರುವುದು ಮೊದಲ ಚರಣದಲ್ಲಿ, ಅದೂ ಸಣ್ಣದಾಗಿ: ಮಲಗಿದ್ದು ಅಲ್ಲೇ ಮಲಗಿರಲಿ, ಮುಂದಿನದು ದೇವರ ಚಿತ್ತ. ಜೀವ ಇದೆಯೋ ಹೋಗಿದೆಯೋ, ಬಿಡಿಸಿ ಹೇಳಿಲ್ಲ. ಆದರೆ ಮುಂದೆ ‘ಹೆಣ’ ಬರುತ್ತದೆ, ಹಗಲು ಮುಗಿಲಲ್ಲಿ ತೇಲುವ ಹುಣ್ಣಿಮೆ ಚಂದ್ರನದು. ಕೂಸಿನ ಬಗ್ಗೆ ಆಡಲಾಗದ ಮಾತು ತಾಯಿಯ ಬಿಳಿಚಿದ ಮುಖದ ಮೇಲೆ ಬಿದ್ದಿದೆ. ಕೂಸು ಹೋಗಿದೆ ಎಂದು ನಾನು ಓದುವುದು ಇದರಿಂದಲೇ. ಗಂಡ ತನ್ನ ಸಂಕಟವನ್ನು ನೇರವಾಗಿ ಹೇಳಿಕೊಳ್ಳುವುದು ಕಡಿಮೆ: ಧಾರೆಯಲ್ಲಿ ನೆನೆದ ತಣ್ಣನೆಯ ಕೈ ಎಂದು ಅವಳು ಹಿಡಿದದ್ದು ಬೂದಿ ಮುಚ್ಚಿದ ಕೆಂಡ. ಗೊತ್ತಾದ ಮೇಲೂ ಬಿಡಲೊಲ್ಲಳು.

‘ಅತ್ತಾರೆ ಅತ್ತುಬಿಡು’ ಎಂಬಲ್ಲಿ ಒತ್ತಾಯವಿಲ್ಲ. ಅಳು ಬಂದರೆ ತಡೆಯಬೇಡ, ನಕ್ಕು ಮರೆಸಬೇಡ ಅಂತಷ್ಟೇ. ಹೇಳುವವನು ಗಂಡ, ಓಣಿಯವರಲ್ಲ. ಮೊದಲ ದಿನಗಳಲ್ಲಿ ಮರಗಟ್ಟಿದಂತಾಗುವುದು ಸಾಮಾನ್ಯ, ಅಳದಿದ್ದರೆ ಹುಚ್ಚು ಹಿಡಿಯುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಸುತ್ತ ಕೂತು ಕೆಣಕಬೇಡಿ. ಕೂಸಿನ ಹೆಸರು ಹಿಡಿದು ಮಾತಾಡಿ. ‘ದೇವರ ಚಿತ್ತ’ವನ್ನು ಹೆತ್ತವರು ಅಂದುಕೊಂಡರೆ ಸರಿ, ನೀವು ಹೇಳಿದರೆ ಚುಚ್ಚುತ್ತದೆ. ‘ಮತ್ತೊಂದು ಆಗ್ತದ ಬಿಡು’ ಅಂತೂ ಬೇಡವೇ ಬೇಡ.

ಯಾರೂ ಬಾಯಿಬಿಡದ ಸಂಗತಿ ಎದೆಹಾಲು. ಮೊಲೆ ಕುಡಿಯುವ ಕೂಸು ಹೋದರೂ ಹಾಲು ಕೆಲವು ದಿನ ಬರುತ್ತಲೇ ಇರುತ್ತದೆ, ಎದೆ ಕಟ್ಟಿ ನೋಯುತ್ತದೆ. ಬಟ್ಟೆಯಿಂದ ಬಿಗಿದು ಕಟ್ಟಬಾರದು, ನೋವು ಹೆಚ್ಚಿ ಬಾವು ಬರಬಹುದು. ತಣ್ಣೀರು ಬಟ್ಟೆ ಇಟ್ಟು, ನೋವು ಇಳಿಯುವಷ್ಟೇ ಹಿಂಡಿ ತೆಗೆಯಬೇಕು; ಪೂರ್ತಿ ಖಾಲಿ ಮಾಡಿದರೆ ಮತ್ತೆ ತುಂಬುತ್ತದೆ. ಎದೆ ಕೆಂಪಾಗಿ ಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ.

ಮನೆಯಲ್ಲಿ ಬೇರೆ ಚಿಕ್ಕ ಮಕ್ಕಳಿದ್ದರೆ ಕವಿತೆಯ ಹಾಗೆ ‘ಮಲಗಿದೆ’ ಅನ್ನಬೇಡಿ, ನಾಲ್ಕೈದು ವರ್ಷದ ಮಗು ತಾನು ಮಲಗಲು ಹೆದರೀತು. ‘ಸತ್ತುಹೋಯಿತು, ಮತ್ತೆ ಬರುವುದಿಲ್ಲ, ನಿನ್ನ ತಪ್ಪಲ್ಲ’ ಎಂದೇ ಹೇಳಿ. ಅದು ಹತ್ತು ಸಲ ಕೇಳುತ್ತದೆ, ಹತ್ತು ಸಲವೂ ಅದೇ ಉತ್ತರ.

ಅಪ್ಪನನ್ನು ಮರೆಯಬೇಡಿ. ಮಣ್ಣು ಮಾಡುವ ಕೆಲಸ, ದಾಖಲೆ, ಬಂದುಹೋಗುವವರು ಎಲ್ಲ ಅವನ ತಲೆಗೇ, ‘ಆಕಿ ಹೆಂಗದಾಳ?’ ಅಂತ ಅವನನ್ನು ಕೇಳುವವರೇ ಎಲ್ಲರೂ. ಇಬ್ಬರಲ್ಲಿ ಯಾರೇ ಆಗಲಿ ಊಟ, ನಿದ್ದೆ ಪೂರ್ತಿ ಬಿಟ್ಟರೆ, ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ನಡೆಯುವ ಉಚಿತ ಸೇವೆ, ಕನ್ನಡ, ಮರಾಠಿ ಎರಡೂ ಇವೆ.