ಚಳಿಗಾಲದಲ್ಲಿ ಕಾಲಿನ ಚರ್ಮ ಬೆಳ್ಳಗಾಗಿ ಬಿರಿಯುತ್ತದೆ, ಯಾವ ಜ್ಯೂಸ್ ಕುಡಿಯಬೇಕು?

ಊರು ಗದಗ, ಸ್ನಾನಕ್ಕೆ ಬೋರ್‌ವೆಲ್ ನೀರು, ದೀಪಾವಳಿ ಮುಗಿದ ಕೂಡಲೇ ಮೊಣಕಾಲ ಕೆಳಗೆ ಬಿರಿದು ತುರಿಕೆ ಎಂದು ಬರೆದಿದ್ದೀರಿ. ಜ್ಯೂಸ್ ಆಮೇಲೆ. ಮೊದಲು ಸ್ನಾನದ ಪದ್ಧತಿ ಬದಲಿಸಿ.

ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ಜಿಗುಟು ಪದರ ಆಗುತ್ತದೆ. ಬಕೆಟ್ಟಿನ ಒಳಮೈಗೆ ಹಿಡಿಯುವ ಬಿಳಿ ಜಿಡ್ಡು ಇದೆಯಲ್ಲ, ಅದೇ ಕಾಲ ಮೇಲೂ ಉಳಿಯುತ್ತದೆ. ಸಾಲದ್ದಕ್ಕೆ ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ) 5ರ ಆಸುಪಾಸು, ಅಂದರೆ ತುಸು ಹುಳಿ; ಸಾಬೂನಿನದು 9–10, ಅಂದರೆ ಕ್ಷಾರ. ಮೇಲೆ ಹಂಡೆಯ ಸುಡುನೀರು ಬಿದ್ದರೆ ತೇವ ಹಿಡಿದಿಡುವ ಜಿಡ್ಡೆಲ್ಲ ತೊಳೆದು ಹೋಗುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ. ಸಾಬೂನು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಸಾಕು. ಕಲ್ಲು, ನಾರಿನಿಂದ ತಿಕ್ಕಲೇಬೇಡಿ.

ಟವೆಲ್ಲಿನಿಂದ ಒತ್ತಿ ಒರೆಸಿ, ಮೂರು ನಿಮಿಷದೊಳಗೆ, ಮೈ ಇನ್ನೂ ಹಸಿ ಇರುವಾಗಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ಒಂದೊಂದು ಕಾಲಿಗೆ ಅರ್ಧ ಚಹಾ ಚಮಚ. ಎಣ್ಣೆಯಲ್ಲಿ ನೀರಿಲ್ಲ, ಅದು ಇದ್ದ ನೀರನ್ನು ಆರಗೊಡುವುದಿಲ್ಲ ಅಷ್ಟೇ. ಒಣಗಿದ ಕಾಲಿಗೆ ಹಚ್ಚಿದರೆ ಹೊಳಪು ಬರುತ್ತದೆ, ತುರಿಕೆ ಹೋಗುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲೇ. ಮಲಗುವಾಗ ಕಾಲು ಒದ್ದೆ ಮಾಡಿಕೊಂಡು ಇನ್ನೊಮ್ಮೆ ಹಚ್ಚಿ.

ಇನ್ನು ಊಟ. ನಮ್ಮ ಕಡೆಯ ತಾಟಿನಲ್ಲಿ ಬೇಕಾದದ್ದೆಲ್ಲ ಇದೆ, ಬರೀ ರೊಟ್ಟಿ-ಖಾರದಲ್ಲಿ ಊಟ ಮುಗಿಸಬಾರದು. ಜೋಳವನ್ನೇ ನೆಚ್ಚಿದ್ದ ದಖ್ಖನ್ನಿನ ಬಡವರಲ್ಲಿ, ಬಿಸಿಲು ಬೀಳುವ ಕುತ್ತಿಗೆ, ಮುಂಗೈ ಕಪ್ಪಾಗಿ ಸುಲಿಯುವ ಪೆಲಾಗ್ರ ರೋಗ ಹಿಂದೆ ಕಾಣುತ್ತಿತ್ತು. ಅದು ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ನಿನ ಕೊರತೆ. ಜೋಳದ ಪ್ರೋಟೀನಿನಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲಕ್ಕೂ ಇದಕ್ಕೂ ಸಂಬಂಧವಿದೆ ಎಂದು ಪೋಷಣ ವಿಜ್ಞಾನಿ ಸಿ. ಗೋಪಾಲನ್ 1960ರಲ್ಲಿ ಮಂಡಿಸಿದ್ದರು. ರೊಟ್ಟಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಜೊತೆಗೆ ಒಂದು ಹಿಡಿ ಶೇಂಗಾ, ಒಂದು ಬಟ್ಟಲು ಕಾಳುಪಲ್ಲೆ, ಮೊಸರು ಇದ್ದರೆ ಆ ಭಯವಿಲ್ಲ.

ಅಗಸಿ ಚಟ್ನಿ ದಿನಕ್ಕೆ ಒಂದು ದೊಡ್ಡ ಚಮಚ ಹಾಕಿಕೊಳ್ಳಿ, ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಸಿಗುತ್ತದೆ. ಅಗಸಿಯನ್ನು ಇಡಿಯಾಗಿ ನುಂಗಿದರೆ ಜೀರ್ಣವಾಗದೆ ಹೊರಗೆ ಹೋಗುತ್ತದೆ, ಕುಟ್ಟಲೇಬೇಕು. ಚಟಪಟ ಅನ್ನುವಷ್ಟೇ ಹುರಿಯಿರಿ. ಕುಟ್ಟಿದ ಮೇಲೆ ಗಾಳಿಗೆ ಬೇಗ ಕಮಟುತ್ತದೆ, ಹದಿನೈದು ದಿನಕ್ಕಾಗುವಷ್ಟೇ ಮಾಡಿ ಬಿಗಿ ಡಬ್ಬಿಯಲ್ಲಿಡಿ. ಮೆಂತ್ಯ, ರಾಜಗಿರಿ ಪಲ್ಲೆಗೆ ಎಣ್ಣೆ ಒಗ್ಗರಣೆ ಇರಲಿ, ಅದರಲ್ಲಿರುವ ಕ್ಯಾರೊಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಮೈಗೆ ಹತ್ತಲು ಕೊಬ್ಬು ಬೇಕು. ಜ್ಯೂಸಿನ ಬದಲು ಒಂದು ಪೇರಲ ಕಚ್ಚಿ ತಿನ್ನಿ. ನಾಲ್ಕೈದು ಲೀಟರ್ ನೀರು ಕುಡಿದರೂ ಒಣಕಾಲು ಹಸಿಯಾಗುವುದಿಲ್ಲ. ಮೂತ್ರ ತಿಳಿ ಹಳದಿ ಇದ್ದರೆ ಕುಡಿದದ್ದು ಸಾಕಾಗಿದೆ.

ತುರಿಸುವ ಜಾಗ ದುಂಡಗಿದ್ದು ಅಂಚು ಕೆಂಪಾಗಿದ್ದರೆ ಅದು ಗಜಕರ್ಣ ಎಂಬ ಫಂಗಸ್ ಸೋಂಕು ಇರಬಹುದು. ದಯವಿಟ್ಟು ಔಷಧ ಅಂಗಡಿಯಲ್ಲಿ ಕೇಳಿ ಮಿಶ್ರ ಕ್ರೀಮ್ ತರಬೇಡಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಇರುವ ಸ್ಟೀರಾಯ್ಡ್ ಕ್ರೀಮ್ ಎರಡು ದಿನ ತುರಿಕೆ ಅಡಗಿಸಿ ಫಂಗಸ್ ಹಬ್ಬಿಸುತ್ತದೆ, ಚರ್ಮವನ್ನೂ ತೆಳುವಾಗಿಸುತ್ತದೆ. ಮೇಲಿನದ್ದನ್ನು ಮೂರು ವಾರ ಮಾಡಿಯೂ ತುರಿಕೆ ಇಳಿಯದಿದ್ದರೆ ಚರ್ಮರೋಗ ತಜ್ಞರನ್ನು ಕಾಣಿ, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಬೇಕೇ ಎಂದೂ ಕೇಳಿ.