ಹಳೆಯ ಪುಂಡ ಜಗಳ ಬಿಡಿಸಲು ಹೋದರೆ ಯಾರು ನಂಬುತ್ತಾರೆ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ಕಳೆದ ವರ್ಷದವರೆಗೆ ನಾನೇ ಚಿಕ್ಕ ಹುಡುಗರಿಗೆ ಹೊಡೆಯುತ್ತಿದ್ದೆ, ಈಗ ಬಿಟ್ಟಿದ್ದೇನೆ. ನನ್ನ ಹಳೆಯ ಗೆಳೆಯರು ಎಂಟನೇ ತರಗತಿಯ ಒಬ್ಬನ ಹಿಂದೆ ಬಿದ್ದಿದ್ದಾರೆ. ಬಿಸಿಯೂಟದಲ್ಲಿ ಅವನ ಮೊಟ್ಟೆ ಕಿತ್ತುಕೊಳ್ಳುತ್ತಾರೆ, ಶೌಚಾಲಯದ ಹಿಂದೆ ಕರೆದೊಯ್ದು ಹೊಡೆಯುತ್ತಾರೆ. ಬಿಡಿಸಲು ಹೋದರೆ ‘ನೀನು ಯಾವಾಗ ಸನ್ಯಾಸಿಯಾದೆ’ ಎನ್ನುತ್ತಾರೆ. ಮೇಷ್ಟ್ರೂ ನಂಬುವುದಿಲ್ಲ. ಮೊನ್ನೆ ಒಬ್ಬ ಸೈಕಲ್ ಚೈನ್ ತಂದಿದ್ದ. ನಾನೂ ಏನಾದರೂ ಇಟ್ಟುಕೊಳ್ಳಲೇ? ಹಿಂದೆ ನಾನು ಹೊಡೆದವರಲ್ಲಿ ಕ್ಷಮೆ ಕೇಳಬೇಕೇ?

ತಮ್ಮಾ, ನಿನಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವನು ನಾನು. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರಿಸಬೇಡ.

ಮೊದಲು ಚೈನಿನ ವಿಷಯ. ಇಟ್ಟುಕೊಳ್ಳಬೇಡ. ಬ್ಯಾಗಿನಲ್ಲಿ ಇದ್ದದ್ದು ಒಂದಲ್ಲ ಒಂದು ದಿನ ಕೈಗೆ ಬರುತ್ತದೆ. ಹದಿನೆಂಟು ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಪ್ರಕರಣ ಹೋಗುವುದು ಬಾಲನ್ಯಾಯ ಮಂಡಳಿಗೆ. ಇಷ್ಟನ್ನು ಮಾತ್ರ ಕೇಳಿಕೊಂಡು ‘ನಮಗೇನೂ ಆಗುವುದಿಲ್ಲ’ ಎಂದು ಎದೆ ಉಬ್ಬಿಸುವವರನ್ನು ನಾನು ನೋಡಿದ್ದೇನೆ. ಆದರೆ ಹದಿನಾರು ತುಂಬಿದವನ ಕೈಯಿಂದ ಕೊಲೆಯಂಥ ಘೋರ ಅಪರಾಧವಾದರೆ, ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ಪರಿಶೀಲಿಸುವ ಅಧಿಕಾರವೂ ಅದೇ ಮಂಡಳಿಗಿದೆ. ಹತ್ತನೇ ತರಗತಿಯಲ್ಲಿ ಹದಿನಾರು ತುಂಬಿದವರು ಎಷ್ಟು ಜನರಿರುತ್ತಾರೆ ಎಂದು ನಿನಗೇ ಗೊತ್ತು. ಚೈನ್ ಬಂದದ್ದನ್ನು ನಾಳೆಯೇ ಮುಖ್ಯ ಶಿಕ್ಷಕರಿಗೆ ಹೇಳು. ಇದು ಚಾಡಿಯಲ್ಲ. ತಂದವನನ್ನೂ ಅದರಿಂದ ಉಳಿಸಿದಂತಾಗುತ್ತದೆ.

ಇನ್ನು ನನ್ನ ಕಥೆ. ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಹಾಸ್ಟೆಲ್ಲಿನಲ್ಲಿದ್ದು ನಾನು ಹೈಸ್ಕೂಲು ಓದಿದೆ. ಎಂಟನೇ ತರಗತಿಯಲ್ಲಿ ದೊಡ್ಡ ಹುಡುಗರ ಬನಿಯನ್ ಒಗೆದೆ, ತಟ್ಟೆ ತೊಳೆದೆ. ಚಳಿಗಾಲದಲ್ಲಿ ನನ್ನ ಕಂಬಳಿ ಅವರ ಮೈಮೇಲಿರುತ್ತಿತ್ತು. ಒಂಬತ್ತಕ್ಕೆ ಬರುವಷ್ಟರಲ್ಲಿ ಮೀಸೆ ಚಿಗುರಿತು, ತೋಳು ಬಲಿಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಹಾಗೆ. ನನ್ನ ಕಂಬಳಿ ಹೋದದ್ದಕ್ಕೆ ಇನ್ನೊಬ್ಬನ ಕಂಬಳಿ ಎಳೆದುಕೊಳ್ಳುವುದು ನನಗೆ ನ್ಯಾಯವಾಗಿಯೇ ಕಂಡಿತ್ತು.

ನಾವು ಗೋಳು ಹೊಯ್ದುಕೊಳ್ಳುತ್ತಿದ್ದವನು ಹಳ್ಳಿಯಿಂದ ಬಂದ ಸಣಕಲ ಹುಡುಗ. ಊರಿಗೆ ಹೋಗಿ ಬಂದಾಗಲೆಲ್ಲ ಅವನ ಟ್ರಂಕಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇರುತ್ತಿತ್ತು. ಎರಡು ಸಲ ಬೀಗ ಮುರಿದು ತಿಂದೆವು. ಮೂರನೆಯ ಸಲ ಹೋದರೆ ಟ್ರಂಕಿಗೆ ಬೀಗವೇ ಇರಲಿಲ್ಲ. ‘ತೆಗೆದೇ ಇದೆ, ತಿನ್ನಿ. ಬೀಗ ಮುರಿದರೆ ಅವ್ವನಿಗೆ ಏನು ಹೇಳಲಿ’ ಎಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆ ಮಾತಿಗೆ ಮನಸ್ಸು ಕರಗಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಕರಗಲಿಲ್ಲ. ಒಂದು ತಿಂಗಳ ನಂತರ ನಲ್ಲಿಕಟ್ಟೆಯ ಹತ್ತಿರ ಅವನನ್ನು ತಳ್ಳಿದೆ. ಕಲ್ಲಿನ ಮೇಲೆ ಭುಜ ಊರಿ ಬಿದ್ದ, ಕೊರಳೆಲುಬು ಮುರಿಯಿತು. ವಾರ್ಡನ್ ಜೊತೆ ಆಸ್ಪತ್ರೆಗೆ ಹೋದವರಲ್ಲಿ ನಾನೂ ಇದ್ದೆ. ಹೋಗದಿದ್ದರೆ ಅನುಮಾನ ಬರುತ್ತದಲ್ಲ! ಸಂಜೆಯ ಬಸ್ಸಿಗೆ ಅವನ ತಾಯಿ ಬಂದರು. ಮಗ ‘ಪಾಚಿ ಇತ್ತು, ಜಾರಿದೆ’ ಎಂದ. ಅವರು ನನ್ನ ಕಡೆ ತಿರುಗಿ ‘ನೀನು ಇವನ ಗೆಳೆಯನೇನಪ್ಪಾ’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವನು ‘ಹೂಂ’ ಎಂದ. ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟು, ‘ಇಬ್ಬರೂ ಬನ್ ತಿನ್ನಿ’ ಎಂದರು.

ಅವನು ನನ್ನನ್ನು ಕಾಪಾಡಿದ ಎಂದು ಎಷ್ಟೋ ದಿನ ಅಂದುಕೊಂಡಿದ್ದೆ. ಅವನು ಕಾಪಾಡಿಕೊಂಡದ್ದು ತನ್ನನ್ನು. ನಿಜ ಹೇಳಿದರೆ ಮತ್ತೆ ಅದೇ ಹಾಸ್ಟೆಲ್ಲಿಗೆ, ಅದೇ ಕೋಣೆಗೆ, ನನ್ನ ಪಕ್ಕಕ್ಕೇ ಬಂದು ಮಲಗಬೇಕಿತ್ತಲ್ಲ. ಇದು ಅರ್ಥವಾದ ಮೇಲೆ ಹೊಡೆಯುವುದನ್ನು ಬಿಟ್ಟೆ. ಅವನು ಮಾತ್ರ ಅಷ್ಟರಲ್ಲಿ ವರ್ಗಾವಣೆ ಪತ್ರ ತೆಗೆದುಕೊಂಡು ಊರಿಗೆ ಹೋಗಿಬಿಟ್ಟಿದ್ದ.

ಹತ್ತನೇ ತರಗತಿಯಲ್ಲಿ ನಿನ್ನದೇ ಪರಿಸ್ಥಿತಿ ನನ್ನದಾಯಿತು. ನನ್ನ ಗುಂಪು ಇನ್ನೊಬ್ಬ ಸಣ್ಣವನನ್ನು ಹಿಡಿದುಕೊಂಡಿತು. ನಾನು ಮಾಡಿದ್ದೇನು ಗೊತ್ತೇ? ಗುಂಪಿನ ಮುಂದಾಳನ್ನು ಊಟದ ಹಾಲಿನಲ್ಲೇ ಹಿಡಿದು ಬಾರಿಸಿದೆ. ಒಳ್ಳೆಯ ಕೆಲಸಕ್ಕೆ ಹೊಡೆದೆ ಎಂಬ ಹಮ್ಮು ಬೇರೆ. ವಾರ್ಡನ್ ಕಣ್ಣಿಗೆ ನಾನು ಹಳೆಯ ನಾನೇ ಆದೆ. ಆ ರಾತ್ರಿ ಸಣ್ಣವನ ಹಾಸಿಗೆಯ ಮೇಲೆ ಒಂದು ಬಕೆಟ್ ನೀರು ಸುರಿದರು. ಬೆಳಿಗ್ಗೆ ಅವನು ಬಂದು ‘ಅಣ್ಣಾ, ನನ್ನ ಪರವಾಗಿ ನೀವು ಬರಬೇಡಿ’ ಎಂದು ಕೈಮುಗಿದ. ನನ್ನ ಏಟಿನ ಸಾಲವನ್ನು ಅವನ ಮೈಯಿಂದ ವಸೂಲು ಮಾಡಿದ್ದರು.

ದಾರಿ ಹೇಳಿದ್ದು ಅಡುಗೆಯ ಅಕ್ಕ. ಹಾಸ್ಟೆಲ್ಲಿನಲ್ಲಿ ಯಾರು ಯಾರ ತಟ್ಟೆಗೆ ಕೈ ಹಾಕುತ್ತಾರೆ ಎಂದು ಮೊದಲು ಕಾಣುವುದು ಸೌಟು ಹಿಡಿದವರಿಗೆ. ವಾರ್ಡನ್‌ಗೆ ಹಾಜರಿ ಪುಸ್ತಕ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಕ್ಕ ಹೇಳಿದ್ದು ಇಷ್ಟೇ: ‘ಅವರ ಮೇಲೆ ಏರಿ ಹೋಗುವುದು ಬೇಡ. ನೀನು ಈ ಹುಡುಗನ ಪಕ್ಕ ಕೂತು ಉಣ್ಣು.’ ಕೂತೆ. ಅವನ ಜೊತೆ ನಲ್ಲಿಗೆ ಹೋದೆ, ಶಾಲೆಗೂ ಹೋದೆ. ಮೊದಲ ದಿನಗಳಲ್ಲಿ ‘ಬಾಡಿಗಾರ್ಡ್’ ಎಂದು ರೇಗಿಸಿದರು. ಹಾಗೆ ಆ ಕಡೆಯಿಂದ ಕೂತು ನೋಡಿದಾಗ, ಗುಂಪಿನ ಒಳಗಿದ್ದಾಗ ಕಾಣದ ಒಂದು ಸಂಗತಿ ಕಂಡಿತು. ಏಳು ಜನರಲ್ಲಿ ಕೈ ಮಾಡುತ್ತಿದ್ದವರು ಇಬ್ಬರೇ. ಉಳಿದ ಐವರು ನಗುತ್ತಿದ್ದರು. ಹೊಡೆಯುವವನು ಪ್ರತಿ ಏಟಿಗೂ ಒಮ್ಮೆ ಆ ಐವರ ಮುಖ ನೋಡುತ್ತಿದ್ದ. ನಾನೂ ಹಾಗೆಯೇ ನೋಡುತ್ತಿದ್ದೆ ಎಂದು ಆಗ ನೆನಪಾಯಿತು. ಐವರಲ್ಲಿ ಸ್ವಲ್ಪ ಮೆತ್ತಗಿದ್ದ ಒಬ್ಬನನ್ನು ಬೇರೆ ಕರೆದು, ‘ನೀನು ಬಿಡಿಸಬೇಕಾಗಿಲ್ಲ, ನಗಬೇಡ ಅಷ್ಟೇ’ ಎಂದೆ. ಮರುದಿನ ಆಟ ಶುರುವಾದಾಗ ಅವನು ಬಕೆಟ್ ಹಿಡಿದುಕೊಂಡು ನೀರಿಗೆ ಎದ್ದುಹೋದ. ವಾರ ಕಳೆಯುವಷ್ಟರಲ್ಲಿ ಇನ್ನೊಬ್ಬನೂ ಎದ್ದ. ಪೂರ್ತಿ ನಿಂತಿತೇ? ಇಲ್ಲ. ಅಡ್ಡಹೆಸರು ವರ್ಷವಿಡೀ ಉಳಿಯಿತು. ಏಟು ಮಾತ್ರ ನಿಂತಿತು.

ನನ್ನ ಹೆಂಡತಿ ಶಿಕ್ಷಕಿ. ಅವಳು ತರಬೇತಿಗೆಂದು ತಂದಿದ್ದ ಹಾಳೆಗಳಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಓದಿದೆ. ಶಾಲಾ ಮೈದಾನಗಳಲ್ಲಿ ಚಿಕ್ಕ ಮಕ್ಕಳ ಆಟವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ನೋಡಿದ್ದಾರೆ. ಪೀಡಿಸಿದ ಪ್ರಸಂಗಗಳಲ್ಲಿ ನೂರಕ್ಕೆ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು, ಆದರೆ ಯಾರಾದರೂ ನಡುವೆ ಬಂದದ್ದು 19ರಲ್ಲಿ ಮಾತ್ರ. ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಹತ್ತು ಸೆಕೆಂಡಿನೊಳಗೆ ಪೀಡೆ ನಿಂತಿದೆ. ನನಗೆ ನಾಟಿದ್ದು ಇನ್ನೊಂದು ಅಂಶ. ಪೀಡಿಸುವವನಿಗೆ ಎದುರಾದ ಮಕ್ಕಳು ತಾವೂ ಕೈಮಾಡುವ, ಕೂಗಾಡುವ ಸಂಭವ ಹೆಚ್ಚು. ಪೆಟ್ಟು ತಿನ್ನುವವನ ಕಡೆ ಹೋದವರು ಬಹುಮಟ್ಟಿಗೆ ಶಾಂತವಾಗಿಯೇ ಇದ್ದರು. ಅಡುಗೆಯ ಅಕ್ಕನಿಗೆ ಕ್ಯಾಮೆರಾ ಬೇಕಾಗಿರಲಿಲ್ಲ ಎಂದುಕೊಂಡೆ.

ನೀನೂ ನಾಳೆ ಬಿಸಿಯೂಟದ ಸಾಲಿನಲ್ಲಿ ಆ ಎಂಟನೇ ತರಗತಿಯವನ ಪಕ್ಕ ನಿಲ್ಲು. ‘ನಿನ್ನ ಜೊತೆ ಕೂರಲೇ’ ಎಂದು ಮೊದಲು ಅವನನ್ನು ಕೇಳು, ಯಾಕೆಂದರೆ ಅವನಿಗೆ ನಿನ್ನ ಮೇಲೂ ಭಯವಿರುತ್ತದೆ. ಬೇಡ ಎಂದರೆ ಒಂದು ಮಾರು ದೂರ ಕೂರು. ಮೊಟ್ಟೆ ಬಡಿಸುವ ಅಕ್ಕಂದಿರಿಗೆ ವಿಷಯ ಹೇಳು, ಅವನು ತಿಂದು ಮುಗಿಸುವವರೆಗೆ ಅವರ ಕಣ್ಣೆದುರೇ ಕೂರಲಿ. ಶೌಚಾಲಯಕ್ಕೆ ಒಬ್ಬನೇ ಹೋಗದಂತೆ ಅವನ ತರಗತಿಯ ಇಬ್ಬರನ್ನು ಜೊತೆ ಮಾಡು. ಅವರು ಅವನನ್ನು ಅಲ್ಲಿಗೆ ಕರೆದೊಯ್ಯುವುದೇ ಯಾರೂ ಇಲ್ಲವೆಂದು.

ಮೇಷ್ಟ್ರು ನಂಬುವುದಿಲ್ಲ ಎಂದೆಯಲ್ಲ, ಅವರನ್ನು ನಾನು ದೂರುವುದಿಲ್ಲ. ನಿನ್ನ ಮಾತನ್ನಲ್ಲ, ನಿನ್ನ ನೋಟ್ ಪುಸ್ತಕವನ್ನು ನಂಬುವ ಹಾಗೆ ಮಾಡು. ಯಾವ ದಿನ, ಯಾವ ಬಿಡುವಿನಲ್ಲಿ, ಎಲ್ಲಿ, ಯಾರು ಯಾರು ಇದ್ದರು, ಇಷ್ಟನ್ನು ಒಂದು ಪುಟದಲ್ಲಿ ಬರೆದು ಕೊಡು. ಹಿಂದೆ ನೀನು ಮಾಡಿದ್ದನ್ನೂ ಅದರಲ್ಲಿ ಮುಚ್ಚಿಡದೆ ಬರೆ. ಗೋಡೆಗೆ ತೂಗುಹಾಕಿದ ದೂರು ಪೆಟ್ಟಿಗೆಯನ್ನು ನೆಚ್ಚಿಕೊಳ್ಳಬೇಡ. ನಮ್ಮ ಶಾಲೆಯದರ ಬೀಗ ತುಕ್ಕು ಹಿಡಿದಿತ್ತು, ಚೀಟಿ ಹಾಕುವವನನ್ನು ಇಡೀ ಮೈದಾನ ನೋಡುತ್ತಿತ್ತು. ಶಾಲೆಯಲ್ಲಿ ಯಾರೂ ಕಿವಿಗೊಡದಿದ್ದರೆ 1098ಕ್ಕೆ ಕರೆ ಮಾಡು. ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಇನ್ನೊಬ್ಬ ಹುಡುಗನ ಪರವಾಗಿಯೂ ಮಾಡಬಹುದು. ಶೌಚಾಲಯದ ಹಿಂದೆ ಅವನ ಬಟ್ಟೆ ಬಿಚ್ಚಿಸುವುದು, ವಿಡಿಯೊ ಮಾಡುವುದು ನಡೆಯುತ್ತಿದೆ ಎಂದು ಗೊತ್ತಾದರೆ ಇದಾವುದಕ್ಕೂ ಕಾಯಬೇಡ, ಅದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಗೆ ಬರಬಹುದಾದ ಅಪರಾಧ. ಆ ವಿಡಿಯೊ ನಿನ್ನ ಮೊಬೈಲಿಗೆ ಬಂದರೆ ಸಾಕ್ಷಿಗೆಂದೂ ಯಾರಿಗೂ ಕಳಿಸಬೇಡ, ಅಂದೇ ದೊಡ್ಡವರಿಗೆ ತಿಳಿಸು.

ಇನ್ನು ಕ್ಷಮೆ. ಕೇಳು, ಆದರೆ ಗುಂಪಿನೆದುರು ಬೇಡ, ಕಾಲಿಗೆ ಬೀಳುವ ನಾಟಕ ಬೇಡ. ಉತ್ತರಕ್ಕಾಗಿ ಕಾದು ನಿಲ್ಲಬೇಡ. ಆರು ವರ್ಷಗಳ ಹಿಂದೆ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ನಾನು ಆ ಟ್ರಂಕಿನ ಹುಡುಗನನ್ನು ಕಂಡೆ. ಮೈ ತುಂಬಿಕೊಂಡಿದ್ದ, ಜೊತೆಯಲ್ಲಿ ನಾಲ್ಕೈದು ವರ್ಷದ ಮಗಳಿದ್ದಳು. ಎದುರು ಹೋಗಿ ನಿಂತೆ. ಹೆಸರು ಹೇಳುವ ಮೊದಲೇ ಗುರುತು ಹಿಡಿದ. ನಲ್ಲಿಕಟ್ಟೆಯ ಮಾತೆತ್ತಿ, ತಪ್ಪಾಯಿತು ಎಂದೆ. ‘ಆಯಿತು ಬಿಡು, ಹಳೆಯದು’ ಎಂದ, ನಗುತ್ತಲೇ. ಚಹಾ ಕುಡಿಯೋಣ ಬಾ ಎಂದರೆ ಬಸ್ಸಿಗೆ ಹೊತ್ತಾಯಿತು ಎಂದ. ಹಾಗೆ ಹೇಳುತ್ತಿರುವಾಗಲೇ, ನನ್ನ ಪಕ್ಕಕ್ಕಿದ್ದ ಮಗಳನ್ನು ಮೆಲ್ಲಗೆ ಎಳೆದು ಇನ್ನೊಂದು ಬದಿಗೆ ನಿಲ್ಲಿಸಿಕೊಂಡ. ಅವನಿಗೆ ಅದು ಗೊತ್ತಾಯಿತೋ ಇಲ್ಲವೋ.