ಸಂಪಾದಕರ ಉತ್ತರ: ಊರಿನ ಹುಡುಗರಿಗೆ ಕೋಟಾ ಇಟ್ಟರೆ ಸಾಕಾ, ಮಾಸ್ಟ್ರೇ?

ಉಡುಪಿ ಕಡೆಯ ನಿವೃತ್ತ ಪಿ.ಟಿ. ಮಾಸ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಸಾರ ಇಷ್ಟು: "ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಆಟವನ್ನು ಟಿ.ವಿ.ಯಲ್ಲಿ ನೋಡುತ್ತೇನೆ. ಹೆಸರಿನಲ್ಲಿ ಮಾತ್ರ ಬೆಂಗಳೂರು. ಕನ್ನಡದ ಹುಡುಗರನ್ನು ದುರ್ಬೀನು ಹಾಕಿ ಹುಡುಕಬೇಕು. ಇಂಗ್ಲೆಂಡಿನಲ್ಲಿ ಪ್ರತಿ ತಂಡದಲ್ಲೂ 8 ಮಂದಿ ಇಂಗ್ಲಿಷರು ಇರಲೇಬೇಕು ಅಂತ ನಿಯಮ ಇದೆಯಂತೆ. ಇಲ್ಲೂ ರಾಜ್ಯದ ಹುಡುಗರಿಗೆ ಕೋಟಾ ಇಡಿ ಅಂತ ನಿಮ್ಮ ಪತ್ರಿಕೆ ಯಾಕೆ ಬರೆಯುವುದಿಲ್ಲ?" ಕೊನೆಗೊಂದು ಸಣ್ಣ ಪ್ರಶ್ನೆಯೂ ಇದೆ. ಅವರು ಸಂಜೆ ಹೊತ್ತು ಆಡಿಸುವ ಮಕ್ಕಳಲ್ಲಿ 13 ವರ್ಷದ ಒಬ್ಬನನ್ನು ಬೆಂಗಳೂರಿನ ಅಕಾಡೆಮಿಯವರು ಟ್ರಯಲ್ಸ್‌ಗೆ ಕರೆದಿದ್ದಾರೆ. ಕಳಿಸುವುದಾ, ಬೇಡವಾ?

ಮಾಸ್ಟ್ರೇ, ನಮಸ್ಕಾರ. ಕೋಟಾ ಬೇಡ ಅನ್ನುವವನು ನಾನಲ್ಲ. ಆದರೆ ನೀವು ಕೇಳುತ್ತಿರುವ ಕೋಟಾ ಬೇರೆ, ಇಂಗ್ಲೆಂಡಿನಲ್ಲಿ ಇರುವ ಕೋಟಾ ಬೇರೆ.

ಅಲ್ಲಿನ ದೊಡ್ಡ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್ 2010-11ರಲ್ಲಿ ತಂದ ನಿಯಮದಲ್ಲಿ ಇಂಗ್ಲಿಷರು ಅನ್ನುವ ಮಾತೇ ಇಲ್ಲ. ಕ್ಲಬ್ ಕೊಡುವ ಪಟ್ಟಿಯಲ್ಲಿ ಹೆಚ್ಚೆಂದರೆ 25 ಜನ. ಅವರಲ್ಲಿ ಹೋಮ್‌ಗ್ರೋನ್ ಅಲ್ಲದವರು 17ಕ್ಕಿಂತ ಜಾಸ್ತಿ ಇರಬಾರದು. 21 ದಾಟದ ಹುಡುಗರನ್ನು ಪಟ್ಟಿಗೆ ಸೇರಿಸಬೇಕಾಗಿಯೇ ಇಲ್ಲ. ನೀವು ಹೇಳುವ 8 ಬಂದದ್ದು ಈ ಕಳೆಯುವ ಲೆಕ್ಕದಿಂದ. ಆ 8 ಜಾಗಕ್ಕೆ ಜನ ಸಿಗದಿದ್ದರೆ ಖಾಲಿ ಬಿಟ್ಟು 22 ಜನರ ಪಟ್ಟಿ ಕೊಟ್ಟರೂ ಯಾರೂ ಕೇಳುವುದಿಲ್ಲ. ಇನ್ನು ಹೋಮ್‌ಗ್ರೋನ್ ಅಂದರೆ, 21 ತುಂಬುವುದರೊಳಗೆ ಇಂಗ್ಲೆಂಡ್ ಇಲ್ಲವೇ ವೇಲ್ಸ್‌ನ ಕ್ಲಬ್ಬಿನಲ್ಲಿ ಮೂರು ಸೀಸನ್ ನೋಂದಣಿ ಇದ್ದವನು. ಪಾಸ್‌ಪೋರ್ಟ್ ಯಾವ ದೇಶದ್ದಾದರೂ ನಡೆಯುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ಸೆಸ್ಕ್ ಫ್ಯಾಬ್ರೆಗಾಸ್ ಸ್ಪೇನ್‌ನವರು. 2010ರ ವಿಶ್ವಕಪ್ ಗೆದ್ದ ಸ್ಪೇನ್ ತಂಡದಲ್ಲಿದ್ದರು. 16ನೇ ವಯಸ್ಸಿಗೇ ಬಾರ್ಸಿಲೋನಾ ಬಿಟ್ಟು ಆರ್ಸೆನಲ್ ಸೇರಿದ್ದರಿಂದ ಇಂಗ್ಲೆಂಡಿನಲ್ಲಿ ಅವರು ಹೋಮ್‌ಗ್ರೋನ್. ಎರಿಕ್ ಡೈಯರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 2018ರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಇಂಗ್ಲೆಂಡನ್ನು ಗೆಲ್ಲಿಸಿದ ಕೊನೆಯ ಪೆನಾಲ್ಟಿ ಹೊಡೆದವರು ಅವರೇ. ಆದರೆ ಆಟ ಕಲಿತದ್ದು ಪೋರ್ಚುಗಲ್‌ನಲ್ಲಿ. ಅದಕ್ಕೇ ಅವರು ಹೋಮ್‌ಗ್ರೋನ್ ಲೆಕ್ಕಕ್ಕೆ ಬರಲಿಲ್ಲ. ಕೇಳಿದರೆ ತಮಾಷೆ ಅನ್ನಿಸುತ್ತದೆ ಅಲ್ವಾ? ಆದರೆ ನಮಗೇನೂ ಇದು ಹೊಸದಲ್ಲ. ಯಕ್ಷಗಾನದ ವೇಷಧಾರಿಯ ಮಾತು ಬಂದಾಗ ನಾವೂ ಅವರು ಗೆಜ್ಜೆ ಕಟ್ಟಿ ಕಲಿತದ್ದು ತೆಂಕಿನಲ್ಲಾ, ಬಡಗಿನಲ್ಲಾ ಅಂತಲೇ ಮೊದಲು ಕೇಳುವುದು. ಮನೆ ಎಲ್ಲಿ ಅನ್ನುವುದು ಆಮೇಲಿನ ಮಾತು.

ಯುರೋಪಿನವರು ಹುಟ್ಟಿದ ದೇಶ ಬಿಟ್ಟು ಕಲಿತ ಜಾಗ ಹಿಡಿದದ್ದು ದೊಡ್ಡ ಮನಸ್ಸಿನಿಂದೇನೂ ಅಲ್ಲ. ಬೇರೆ ದಾರಿ ಇರಲಿಲ್ಲ. 1995ರ ಡಿಸೆಂಬರ್‌ನಲ್ಲಿ ಬೊಸ್ಮನ್ ಎಂಬ ಬೆಲ್ಜಿಯಂ ಆಟಗಾರನ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಯುರೋಪ್ ಒಕ್ಕೂಟದ ಪ್ರಜೆಗಳನ್ನು 'ವಿದೇಶಿ' ಅಂತ ಎಣಿಸಿ ತಂಡದಲ್ಲಿ ಇಷ್ಟೇ ಮಂದಿ ಅನ್ನುವ ಹಾಗಿಲ್ಲ ಎಂದಿತು. ನಾಲ್ಕೇ ವರ್ಷದಲ್ಲಿ, 1999ರ ಡಿಸೆಂಬರ್ 26ರಂದು, ಚೆಲ್ಸಿ ತಂಡ ಒಬ್ಬನೇ ಒಬ್ಬ ಬ್ರಿಟಿಷ್ ಆಟಗಾರನಿಲ್ಲದ ಹನ್ನೊಂದು ಮಂದಿಯನ್ನು ಕಣಕ್ಕಿಳಿಸಿತು. ಪಾಸ್‌ಪೋರ್ಟ್ ನೋಡುವ ಹಾಗಿಲ್ಲ, ಸುಮ್ನೆ ಕೂರುವ ಹಾಗೂ ಇಲ್ಲ. ಆಗ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 15ರಿಂದ 21 ವರ್ಷದೊಳಗೆ ಮೂರು ವರ್ಷ ಎಲ್ಲಿ ಆಡಿದ್ದ ಅನ್ನುವ ಲೆಕ್ಕ ತಂದಿತು. 2006-07ರಲ್ಲಿ 4 ಜಾಗ, ಮರುವರ್ಷ 6, 2008-09ರಿಂದ 8. ಇದಕ್ಕೂ ನೆಮ್ಮದಿ ಇಲ್ಲ. 2023ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ, ಬೆಲ್ಜಿಯಂನ ಆಂಟ್‌ವರ್ಪ್ ಕ್ಲಬ್ಬಿನ ಮೊಕದ್ದಮೆಯಲ್ಲಿ, ಇಂಥ ನಿಯಮಗಳಿಂದ ಹುಡುಗರ ತರಬೇತಿಗೆ ನಿಜಕ್ಕೂ ಪ್ರಯೋಜನ ಇದೆ ಅಂತ ಸಾಬೀತು ಮಾಡಿ ತೋರಿಸಬೇಕು ಎಂದಿದೆ.

ಈಗ ನಿಮ್ಮ ಕೋಟಾಕ್ಕೆ ಬರೋಣ. ನೀವು ಕೇಳುವುದು ರಾಜ್ಯದವರಿಗೆ, ಅಂದರೆ ವಿಳಾಸದ ಮೇಲೆ. ಇದು ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಕರೆಂಟ್ ಕಂಬಕ್ಕೆ ಕಟ್ಟಿದ ಕಬಡ್ಡಿ ಪಂದ್ಯಾಟದ ಬ್ಯಾನರ್ ನೆನಪಿಸಿಕೊಳ್ಳಿ. ಮೇಲೆ ದೇವರ ಚಿತ್ರ, ಕೆಳಗೆ ಪ್ರಥಮ, ದ್ವಿತೀಯ ನಗದು, ಅದರ ಕೆಳಗೆ ಕೆಂಪಕ್ಷರದಲ್ಲಿ 'ಗ್ರಾಮ ಸೀಮಿತ, ಆಧಾರ್ ಕಾರ್ಡ್ ಕಡ್ಡಾಯ'. ಪಂದ್ಯಾಟದ ದಿನ ಏನಾಗುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಎರಡನೇ ಸುತ್ತಿಗೆ ಬರುವ ಹೊತ್ತಿಗೆ ಕಾಣದ ಮುಖದ ಒಬ್ಬ ರೈಡರ್ ಇಳಿದಿರುತ್ತಾನೆ. ಕಾರ್ಡಿನಲ್ಲಿ ವಿಳಾಸ ಅತ್ತೆ ಮನೆಯದ್ದು. ಮೈಕ್‌ನಲ್ಲಿ ಅರ್ಧ ಗಂಟೆ ಜಗಳ, ಆಮೇಲೆ ಊರ ಹಿರಿಯರೊಬ್ಬರು ಬಂದು ಆಟ ಮುಂದುವರಿಸಿ ಮಾರಾಯ್ರೇ ಅನ್ನುತ್ತಾರೆ. ಐನೂರು ಮನೆಯ ಗ್ರಾಮದಲ್ಲೇ ಹೀಗಾದರೆ, ಕೋಟಿಗಟ್ಟಲೆ ದುಡ್ಡು ಓಡಾಡುವ ಲೀಗಿನಲ್ಲಿ ಯಾರು ಯಾರ ಅತ್ತೆ ಮನೆ ಹುಡುಕುತ್ತಾರೆ?

ಕೋಲ್ಕತ್ತಾ ಲೀಗಿನವರು 'ಭೂಮಿಪುತ್ರ' ಅಂತಲೇ ನಿಯಮ ಮಾಡಿದ್ದಾರೆ. ಬಂಗಾಳದ ಆಟಗಾರರು ಇಂತಿಷ್ಟು ಮಂದಿ ಮೈದಾನದಲ್ಲಿ ಇರಲೇಬೇಕು. ಅದರಲ್ಲಿ ನನಗೆ ಹಿಡಿಸಿದ್ದು ಭೂಮಿಪುತ್ರ ಅನ್ನುವ ಭಾಗ ಅಲ್ಲ, 'ಮೈದಾನದಲ್ಲಿ' ಅನ್ನುವ ಭಾಗ. ಅದಕ್ಕೆ ಆಮೇಲೆ ಬರುತ್ತೇನೆ. ಐಪಿಎಲ್ 2008ರಲ್ಲಿ ಶುರುವಾದಾಗ 'ಕ್ಯಾಚ್‌ಮೆಂಟ್ ಏರಿಯಾ' ಆಟಗಾರರು, ಅಂದರೆ ತಂಡದ ಸುತ್ತಮುತ್ತಲಿನ ಊರುಗಳವರು, ಅಂತ ಇದ್ದರು. ಈಗ ಆ ಹೆಸರಾದರೂ ಯಾರಿಗೆ ನೆನಪಿದೆ?

ನಿಖಿಲ್ ಪೂಜಾರಿ ಹೆಸರು ನೀವು ಕೇಳಿರುತ್ತೀರಿ. 2021-22ರಲ್ಲಿ ಹೈದರಾಬಾದ್ ನಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಗೆದ್ದಾಗ ಆ ತಂಡದಲ್ಲಿದ್ದರು. ಹೆಸರು ಕಿವಿಗೆ ಬಿದ್ದ ಕೂಡಲೇ ನಮ್ಮೂರಿನವರು ಅಂತ ನಮಗೊಂದು ಖುಷಿ. ಆದರೆ ಅವರು ಹುಟ್ಟಿದ್ದು ಮುಂಬೈಯಲ್ಲಿ. ಅವರನ್ನು ನಮ್ಮ ಲೆಕ್ಕಕ್ಕೆ ಬರೆದುಕೊಂಡರೆ ನಮ್ಮ ಯಾವ ಮೈದಾನಕ್ಕೆ ಏನು ಸಿಕ್ಕಿತು? ಇನ್ನು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಮ್ಮ ರಾಜ್ಯ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತಲ್ಲ, 1968-69ರ ನಂತರ ಅದೇ ಮೊದಲು. ಹಿಂದಿನ ನಾಲ್ಕು ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ರಿಯಾದ್‌ನಲ್ಲಿ ಆವತ್ತು ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಮ್, ರಾಬಿನ್ ಯಾದವ್. ನಾವೆಲ್ಲ ಕುಣಿದಾಡಿದೆವು. ಯಾರ ಆಧಾರ್ ಕಾರ್ಡನ್ನೂ ಕೇಳಲಿಲ್ಲ. ಕೇಳಬಾರದು ಕೂಡ.

ಹಾಗಾಗಿ, ಮಾಸ್ಟ್ರೇ, ಕನ್ನಡಿಗರಿಗೆ ಇಷ್ಟು ಜಾಗ ಅನ್ನುವ ಬೇಡಿಕೆಯನ್ನು ಪತ್ರಿಕೆ ಬರೆಯುವುದಿಲ್ಲ. ಕರ್ನಾಟಕದ ಕ್ಲಬ್ಬಿನಲ್ಲಿ ಹುಡುಗನಾಗಿದ್ದಾಗ ಮೂರು ವರ್ಷ ಕಲಿತವನಿಗೆ ಜಾಗ ಇಡಿ ಅಂದರೆ ಖಂಡಿತ ಬರೆಯುತ್ತೇವೆ. ಅವನು ಮಂಗಳೂರಿನ ಬಂದರಿನವನಾಗಿರಲಿ, ಮಣಿಪುರದಿಂದ ಬಂದು ಇಲ್ಲಿ ಶಾಲೆ ಸೇರಿದವನಾಗಿರಲಿ.

ಆದರೆ ಪಟ್ಟಿಯಲ್ಲಿ ಜಾಗ ಕೊಟ್ಟರೆ ಆಟ ಸಿಗುತ್ತದೆ ಅಂತ ನಂಬಬೇಡಿ. ರಿಚರ್ಡ್ ರೈಟ್ ಅಂತ ಒಬ್ಬ ಇಂಗ್ಲಿಷ್ ಗೋಲ್‌ಕೀಪರ್ ಇದ್ದರು. 2012ರಿಂದ 2016ರವರೆಗೆ ಮ್ಯಾಂಚೆಸ್ಟರ್ ಸಿಟಿಯಲ್ಲಿದ್ದರು. ಅಷ್ಟು ವರ್ಷದಲ್ಲಿ ಒಂದೇ ಒಂದು ಅಧಿಕೃತ ಪಂದ್ಯ ಆಡಲಿಲ್ಲ. ಆಟ ಬಾರದವರಲ್ಲ, ಇಂಗ್ಲೆಂಡ್ ತಂಡಕ್ಕೆ ಆಡಿದವರು. ಮೂರನೇ ಗೋಲ್‌ಕೀಪರ್ ಜಾಗದಲ್ಲಿ ಹೋಮ್‌ಗ್ರೋನ್ ಒಬ್ಬರನ್ನು ಕೂರಿಸಿದರೆ ಪಟ್ಟಿಯ ಲೆಕ್ಕ ಸಲೀಸು. ಶ್ರೀಮಂತ ಕ್ಲಬ್ಬುಗಳು ಕಂಡುಕೊಂಡ ಇನ್ನೊಂದು ದಾರಿ, ಸಣ್ಣ ಕ್ಲಬ್ ಬೆಳೆಸಿದ ಹುಡುಗನನ್ನು ದುಡ್ಡು ಸುರಿದು ತರುವುದು. ಲೆಕ್ಕಕ್ಕೆ ಅವನೂ ಹೋಮ್‌ಗ್ರೋನ್. ತಾವು ಒಬ್ಬನನ್ನೂ ತಯಾರು ಮಾಡಬೇಕಾಗಿಲ್ಲ.

ನಮ್ಮ ಐಎಸ್‌ಎಲ್ ಈ ವಿಷಯದಲ್ಲಿ ಮೇಲು. ಅಲ್ಲಿ ಎಣಿಕೆ ನಡೆಯುವುದು ಮೈದಾನದಲ್ಲೇ. 2014ರಲ್ಲಿ ಆರು ವಿದೇಶಿಯರು ಒಟ್ಟಿಗೆ ಆಡಬಹುದಿತ್ತು, 2017-18ಕ್ಕೆ ಐದಾಯಿತು, 2021-22ರಿಂದ ನಾಲ್ಕು. ಅಂದರೆ ಏಳು ಭಾರತೀಯರು ಆಡಲೇಬೇಕು. ಒಳ್ಳೆಯದೇ. ಆದರೆ ಯಾವ ಏಳು ಜಾಗ ಅಂತ ನಿಯಮ ಹೇಳುವುದಿಲ್ಲ. ಕ್ಲಬ್ಬುಗಳು ವಿದೇಶಿಯರನ್ನು ಹೆಚ್ಚಾಗಿ ನಡುಬೆನ್ನಿಗೆ ಹಾಕುತ್ತವೆ: ಸ್ಟ್ರೈಕರ್, ನಡು ಮೈದಾನ, ಸೆಂಟರ್ ಬ್ಯಾಕ್. ನಮ್ಮ ಹುಡುಗರಿಗೆ ಅಂಚುಗಳು. ಪರಿಣಾಮ ಕಣ್ಣೆದುರಿಗಿದೆ. 2024ರ ಜೂನ್‌ನಲ್ಲಿ ನಿವೃತ್ತಿ ಹೇಳಿದ ಸುನಿಲ್ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ, ದೇಶದ ತಂಡಕ್ಕೆ ವಾಪಸ್ ಕರೆಸಬೇಕಾಯಿತು. ಗೋಲು ಹೊಡೆಯುವ ಇನ್ನೊಬ್ಬ ಸಿಗಲಿಲ್ಲ.

ಜರ್ಮನಿಯವರು 2000ದ ಯುರೋ ಕಪ್‌ನಲ್ಲಿ ಮುಖಭಂಗವಾದ ಮೇಲೆ ಬೇರೆ ತುದಿಯಿಂದ ಹಿಡಿದರು. ಅಕಾಡೆಮಿ ಇಲ್ಲದ ಕ್ಲಬ್ಬಿಗೆ ಮೇಲಿನ ಎರಡು ಲೀಗುಗಳಲ್ಲಿ ಲೈಸೆನ್ಸೇ ಇಲ್ಲ ಎಂದರು. ಅದರ ಜೊತೆಗೆ, ದೊಡ್ಡ ಕ್ಲಬ್ಬುಗಳ ಅಕಾಡೆಮಿಗೆ ಸೇರದ ಮಕ್ಕಳೂ ತಪ್ಪಿಹೋಗಬಾರದು ಅಂತ ದೇಶದ ಉದ್ದಗಲಕ್ಕೆ 360ಕ್ಕೂ ಹೆಚ್ಚು ತರಬೇತಿ ಕೇಂದ್ರ ತೆರೆದರು. 2014ರಲ್ಲಿ ವಿಶ್ವಕಪ್ ಗೆದ್ದರು. ಕೋಟಾ ಅವರಲ್ಲೂ ಇದೆ, ಆದರೆ ಮಕ್ಕಳನ್ನು ಹುಡುಕಿ ತಂದದ್ದು ಈ ಕೇಂದ್ರಗಳು.

ನಮ್ಮಲ್ಲಿ ಮಕ್ಕಳು ಎಲ್ಲಿ ಆಡುತ್ತಾರೆ? ಮಂಗಳೂರಿನ ನೆಹರೂ ಮೈದಾನಕ್ಕೆ ಜುಲೈ ತಿಂಗಳಲ್ಲಿ ಹೋಗಿ ನೋಡಿ. ಕ್ರಿಕೆಟ್‌ನವರು ಮನೆಯಲ್ಲಿ, ಫುಟ್‌ಬಾಲ್‌ನವರು ಕೆಸರಿನಲ್ಲಿ. ಗೋಲ್ ಪೋಸ್ಟ್ ಮುಂದೆ ಮೊಣಕಾಲು ಮುಳುಗುವ ಗುಂಡಿ. ಚೆಂಡು ಹೊಡೆದರೆ ನೀರಲ್ಲಿ ಅಲ್ಲೇ ನಿಲ್ಲುತ್ತದೆ. ನೆಲದ ಮೇಲೆ ಪಾಸ್ ಕೊಡುವ ಹಾಗೇ ಇಲ್ಲ, ಎತ್ತಿ ಬಾರಿಸಬೇಕು. ನೋಡಲು ಚೆಂದ, ನನಗೂ ಇಷ್ಟ. ಆದರೆ ಶಾಲಾ ಪಂದ್ಯಗಳೆಲ್ಲ ಈ ಮಳೆಯಲ್ಲೇ ಮುಗಿಯುತ್ತವೆ. ನೆಲ ಒಣಗಿ ಚೆಂಡು ಉರುಳುವ ಹೊತ್ತಿಗೆ ಹುಡುಗರ ಕೈಗೆ ಬ್ಯಾಟ್ ಬಂದಿರುತ್ತದೆ. ಉಳಿದವರು ಟರ್ಫ್‌ಗೆ ಹೋಗುತ್ತಾರೆ. ಗಂಟೆಗಿಷ್ಟು ಬಾಡಿಗೆ, ಸುತ್ತ ಬಲೆ, ಆ ಕಡೆ ಐವರು, ಈ ಕಡೆ ಐವರು. ಕಾಲ್ಚಳಕ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಆಫ್‌ಸೈಡ್ ಇಲ್ಲ, ಐವತ್ತು ಗಜ ಓಡಿ ವಾಪಸ್ ಬರುವುದಿಲ್ಲ, ಚೆಂಡು ಬಲೆಗೆ ಬಡಿದು ತಾನಾಗಿ ಹಿಂದೆ ಬರುತ್ತದೆ. 16 ವರ್ಷಕ್ಕೆ ಈ ಹುಡುಗ ಹನ್ನೊಂದು ಮಂದಿಯ ಟ್ರಯಲ್ಸ್‌ಗೆ ಹೋದರೆ ಎಲ್ಲಿ ನಿಲ್ಲಬೇಕು ಅಂತಲೇ ಗೊತ್ತಾಗುವುದಿಲ್ಲ. ಅವನಿಗೆ 18ಕ್ಕೆ ಕೋಟಾ ಕೊಟ್ಟು ಏನು ಉಪಯೋಗ?

ಇನ್ನು ದುಡ್ಡಿನ ವಿಷಯ. ಕೋಟಾದ ಬಗ್ಗೆ ಮಾತಾಡುವವರು ಇದನ್ನು ಮುಟ್ಟುವುದೇ ಇಲ್ಲ. ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದಾಗ ವರ್ಗಾವಣೆ ಮೊತ್ತದ ಶೇ. 5ರಷ್ಟು ಅವನನ್ನು 12ರಿಂದ 23 ವರ್ಷದವರೆಗೆ ತಯಾರು ಮಾಡಿದ ಕ್ಲಬ್ಬುಗಳಿಗೆ ಹಂಚಬೇಕು ಅಂತ ಫಿಫಾ ನಿಯಮ ಇದೆ. 12ರಿಂದ 15ರವರೆಗೆ ವರ್ಷಕ್ಕೆ ಶೇ. 0.25, ಆಮೇಲೆ ವರ್ಷಕ್ಕೆ ಶೇ. 0.5. ಒಂದು ಕೋಟಿಗೆ ಮಾರಾಟವಾದ ಹುಡುಗನನ್ನು 12, 13, 14ರಲ್ಲಿ ಆಡಿಸಿದ ಸಣ್ಣ ಕ್ಲಬ್ಬಿಗೆ 75,000 ರೂಪಾಯಿ. ದೊಡ್ಡ ದುಡ್ಡಲ್ಲ. ಆದರೆ ಚೆಂಡು, ಬಲೆ, ಟರ್ಫ್ ಬಾಡಿಗೆ ಹೊರಟು ಹೋಗುತ್ತದೆ. ಈ ದುಡ್ಡು ಸಿಗಬೇಕಾದರೆ ಹುಡುಗ ಆ ವರ್ಷಗಳಲ್ಲಿ ನಿಮ್ಮಲ್ಲಿದ್ದ ಅನ್ನುವುದಕ್ಕೆ ನೋಂದಣಿ ಬೇಕು. ನಿಮ್ಮ ಹಾಗೆ ಸಂಜೆ ಪುಕ್ಕಟೆ ಆಡಿಸುವ ಮಾಸ್ಟ್ರುಗಳ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ, ಬೆಂಗಳೂರು ತಂಡದ ಪಟ್ಟಿ ನೋಡಿ ಅಲ್ಲ.

ಆ ಹುಡುಗನ ವಿಷಯ. ಟ್ರಯಲ್ಸ್‌ಗೆ ಕಳಿಸಿ. ಆದರೆ ಮೊದಲು ಜಿಲ್ಲಾ ಸಂಸ್ಥೆಗೆ ಸೇರಿದ ನಿಮ್ಮ ಕಡೆಯ ಯಾವುದಾದರೂ ಕ್ಲಬ್ಬಿನ ಮೂಲಕ ಅವನ ಹೆಸರನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಆಟಗಾರರ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ನೋಂದಾಯಿಸಿ. ಅಕಾಡೆಮಿಗೆ ಎಐಎಫ್‌ಎಫ್ ಮಾನ್ಯತೆ ಇದೆಯಾ ಕೇಳಿ. ಟ್ರಯಲ್ಸ್‌ಗೇ ದೊಡ್ಡ ಫೀಸ್ ಕೇಳಿದರೆ ಅದು ಅಂಗಡಿ, ಹೋಗುವುದೇ ಬೇಡ. ಎಂಟನೇ ಕ್ಲಾಸಿನ ಪಾಠ ಎಲ್ಲಿ, ಮನೆಗೆ ಯಾವಾಗ ಕಳಿಸುತ್ತಾರೆ ಅನ್ನುವುದನ್ನು ಅವನ ಅಮ್ಮ ಕೇಳಲಿ, ಅವರು ಕೇಳಿದರೆ ಸರಿಯಾದ ಉತ್ತರ ಬರುತ್ತದೆ. ನೀವು ಒಂದೇ ಪ್ರಶ್ನೆ ಕೇಳಿ: ವರ್ಷಕ್ಕೆ ಹನ್ನೊಂದು ಮಂದಿಯ ಪೂರ್ಣ ಪಂದ್ಯ ಎಷ್ಟು ಆಡಿಸುತ್ತೀರಿ? ಮೂವತ್ತು ಅಂದರೆ ಬಸ್ಸಿಗೆ ಹತ್ತಿಸಿ. ಏಳೆಂಟು ಅಂದರೆ ಇನ್ನೆರಡು ವರ್ಷ ನಿಮ್ಮ ಹತ್ತಿರವೇ ಇರಲಿ.

— ಸಂ.